ಸೆನ್ಸಾರಿನ ಕಣ್ಣೆದುರೇ ಈ ಚಿತ್ರಗಳು ಹೇಗೆ ಪಾರಾದವು? – ಪೋಲಿಷ್ ಸಿನೆಮಾದ ಚರಿತ್ರೆಯ ಬಗ್ಗೆ ಒಂದು ಚರ್ಚೆ

ಬಯಲುಸೀಮೆ:
ಧಾರವಾಡದಲ್ಲಿ ನಾವು ಏಳೆಂಟು ಮಂದಿ ಗೆಳೆಯರು ತಿಂಗಳಿಗೊಮ್ಮೆ ಒಬ್ಬರ ಮನೆಯ ಮಹಡಿಯಲ್ಲಿ ಸೇರಿ ಹೊರನಾಡಿನ ಒಂದು ಚಿತ್ರವನ್ನು ನೋಡುತ್ತೇವೆ. ಆಮೇಲೆ ಚಹಾ ಮುಗಿಯುವವರೆಗೆ, ಕೆಲವೊಮ್ಮೆ ಮುಗಿದ ಮೇಲೂ, ಅದರ ಬಗ್ಗೆ ಮಾತನಾಡುತ್ತೇವೆ. ಕಳೆದ ಭಾನುವಾರ ಆಂದ್ರೇ ವಾಯ್ದಾ ಅವರ 1958ರ ‘ಬೂದಿ ಮತ್ತು ವಜ್ರ’ವನ್ನು ನೋಡಿದೆವು. ಕಥೆ ನಡೆಯುವುದು 1945ರ ಮೇ 8ರಂದು, ಯುರೋಪಿನಲ್ಲಿ ಯುದ್ಧ ಮುಗಿದ ದಿನ. ಜರ್ಮನ್ನರ ವಿರುದ್ಧ ಹೋರಾಡಿದ್ದ ಭೂಗತ ಸೇನೆಯ ಹುಡುಗ ಮಾಚೆಕ್‌ಗೆ ಈಗ ಬಂದಿರುವ ಆಜ್ಞೆ ಒಬ್ಬ ಕಮ್ಯುನಿಸ್ಟ್ ನಾಯಕನನ್ನು ಕೊಲ್ಲಬೇಕೆಂಬುದು. ಅವನು ಕೊಲ್ಲುತ್ತಾನೆ, ಮರುದಿನ ಬೆಳಗ್ಗೆ ಕಸದ ರಾಶಿಯ ಮೇಲೆ ಬಿದ್ದು ತಾನೂ ಸಾಯುತ್ತಾನೆ.

ಈ ಚಿತ್ರಕ್ಕೆ ಹಣ ಕೊಟ್ಟದ್ದು, ಇದರ ಚಿತ್ರಕಥೆಯನ್ನು ಒಪ್ಪಿದ್ದು, ಇದನ್ನು ಬಿಡುಗಡೆ ಮಾಡಿದ್ದು ಎಲ್ಲವೂ ಕಮ್ಯುನಿಸ್ಟ್ ಸರ್ಕಾರವೇ. ಹಾಗಿದ್ದರೂ ನೋಡುವವರ ಮನಸ್ಸು ಹೋಗುವುದು ಕೊಲೆಗಾರನ ಕಡೆಗೆ. ಹೋಟೆಲಿನ ಕಟ್ಟೆಯ ಮೇಲೆ ಮದ್ಯದ ಪುಟ್ಟ ಗ್ಲಾಸುಗಳಿಗೆ ಒಂದೊಂದಾಗಿ ಬೆಂಕಿ ತಗುಲಿಸಿ, ಒಂದೊಂದು ಜ್ವಾಲೆಗೂ ಸತ್ತ ಒಬ್ಬ ಗೆಳೆಯನ ಹೆಸರು ಹೇಳುವ ದೃಶ್ಯ ಬಂದಾಗ ನಮ್ಮ ಮಹಡಿಯಲ್ಲಿ ಯಾರೂ ಕೆಮ್ಮಲೂ ಇಲ್ಲ. ಇದು ಪಾರಾದದ್ದು ಹೇಗೆ? ಬಾಯಿ ಕಟ್ಟಿದಾಗಲೇ ಕಲೆ ಕಣ್ಣಿನಿಂದ ಮಾತನಾಡಲು ಕಲಿಯುತ್ತದೆ, ಹಾಗಾಗಿ ಪೋಲಿಷ್ ಸಿನೆಮಾದ ದೊಡ್ಡತನಕ್ಕೆ ಸೆನ್ಸಾರೇ ಪರೋಕ್ಷವಾಗಿ ಕಾರಣ ಎಂದು ನಾನು ಅಲ್ಲಿ ವಾದಿಸಿದೆ. ಇಬ್ಬರು ಒಪ್ಪಿದರು, ಉಳಿದವರು ಒಪ್ಪಲಿಲ್ಲ. ಬಲ್ಲವರು ದಯವಿಟ್ಟು ತಿದ್ದಬೇಕು.

ಹಳೆಯ ರೀಲು:
ತಾವು ಕೇಳಿದ ಪ್ರಶ್ನೆ ಒಳ್ಳೆಯದು, ಆದರೆ ತಾವು ಅದಕ್ಕೆ ಕೊಟ್ಟುಕೊಂಡ ಉತ್ತರವನ್ನು ಒಪ್ಪುವುದು ನನಗೆ ಕಷ್ಟ. ಕಥೆಯನ್ನು 1945ರಿಂದ ಆರಂಭಿಸುವುದರಿಂದ ಆಗುವ ತೊಂದರೆ ಇದು. 1772, 1793, 1795 ಹೀಗೆ ಮೂರು ಕಂತುಗಳಲ್ಲಿ ರಷ್ಯಾ, ಪ್ರಷ್ಯಾ ಮತ್ತು ಆಸ್ಟ್ರಿಯಾಗಳು ಪೋಲೆಂಡನ್ನು ಹಂಚಿಕೊಂಡ ಮೇಲೆ 1918ರವರೆಗೆ, ಅಂದರೆ 123 ವರ್ಷಗಳ ಕಾಲ, ಭೂಪಟದ ಮೇಲೆ ಆ ದೇಶವೇ ಇರಲಿಲ್ಲ. ರಾಜ್ಯವಿಲ್ಲದ ಆ ಜನಕ್ಕೆ ಕಾವ್ಯವೇ ರಾಜ್ಯವಾಗಿತ್ತು. ಮಿತ್ಸ್ಕಿಯೆವಿಚ್, ಸ್ವೊವಾತ್ಸ್ಕಿ, ನೊರ್ವಿದ್ ಪ್ಯಾರಿಸ್ಸಿನಲ್ಲಿ ದೇಶಭ್ರಷ್ಟರಾಗಿ ಕುಳಿತು ಬರೆದ ಸಾಲುಗಳನ್ನು ತ್ಸಾರ್ ದೊರೆಯ ಸೆನ್ಸಾರಿನ ಕಣ್ಣು ತಪ್ಪಿಸಿ ತಂದು, ಬಾಯಿಪಾಠ ಮಾಡಿ, ಮಕ್ಕಳಿಗೆ ಹೇಳಿಕೊಡುತ್ತಿದ್ದರು. ಸಾಲುಗಳ ನಡುವೆ ಓದುವ ಅಭ್ಯಾಸವನ್ನು ಅಲ್ಲಿನ ಜನ ಕಮ್ಯುನಿಸ್ಟರ ಕಾಲದಲ್ಲಿ ಹೊಸದಾಗಿ ಕಲಿಯಬೇಕಾಗಿರಲಿಲ್ಲ. ಅದು ಅಜ್ಜಂದಿರಿಂದ ಬಂದ ವಿದ್ಯೆ.

ತಾವು ನೋಡಿದ ಚಿತ್ರದಲ್ಲೇ ಇದಕ್ಕೆ ಸಾಕ್ಷಿ ಇದೆ. ಬಾಂಬಿಗೆ ಸಿಕ್ಕಿ ಹಾಳಾದ ಚರ್ಚಿನಲ್ಲಿ ಹುಡುಗ ಹುಡುಗಿ ಕಲ್ಲಿನ ಮೇಲೆ ಕೊರೆದ ಪದ್ಯವೊಂದನ್ನು ಓದುತ್ತಾರಲ್ಲ, ಅದು ನೊರ್ವಿದ್‌ನದು. ಚಿತ್ರದ ಹೆಸರೂ ಅಲ್ಲಿಂದಲೇ ಬಂದದ್ದು. ಗ್ಲಾಸುಗಳಿಗೆ ಬೆಂಕಿ ಹಚ್ಚುವಾಗ ಪಕ್ಕದ ಸಭಾಂಗಣದಿಂದ ಒಂದು ಹಾಡು ಕೇಳಿಬರುತ್ತದೆ. ಅದು 1944ರ ಮೇ ತಿಂಗಳಲ್ಲಿ ಇಟಲಿಯ ಮೊಂತೆ ಕಸ್ಸಿನೊ ಬೆಟ್ಟದ ಮೇಲೆ ಸತ್ತ ಪೋಲಿಷ್ ಸೈನಿಕರನ್ನು ನೆನೆಯುವ ಹಾಡು. ಆ ಸೈನಿಕರು ಪಶ್ಚಿಮದ ಮಿತ್ರಪಕ್ಷಗಳ ಜೊತೆ ಹೋರಾಡಿದವರು. ಯುದ್ಧ ಮುಗಿದ ಮೇಲೆ ಅವರಲ್ಲಿ ಬಹಳಷ್ಟು ಮಂದಿಗೆ ಹೊಸ ಆಳ್ವಿಕೆಯ ತಾಯ್ನಾಡಿಗೆ ಮರಳಲಾಗಲಿಲ್ಲ. ಕೊನೆಯಲ್ಲಿ, ಬೆಳಗಿನ ಜಾವ, ಕುಡಿದು ದಣಿದ ಅತಿಥಿಗಳು ಅಪಶ್ರುತಿಯ ವಾದ್ಯಕ್ಕೆ ಹೆಜ್ಜೆ ಹಾಕುತ್ತಾರೆ. ಆ ಸಂಗೀತ ಒಗಿನ್ಸ್ಕಿ ರಚಿಸಿದ ಪೊಲೊನೇಸ್ ಎಂಬ ಪೋಲಿಷ್ ನೃತ್ಯದ ಧಾಟಿ. ಪೋಲೆಂಡಿನಲ್ಲಿ ಅದಕ್ಕೆ ‘ತಾಯ್ನಾಡಿಗೆ ವಿದಾಯ’ ಎಂದೇ ಹೆಸರು. ಇವುಗಳಲ್ಲಿ ಯಾವುದನ್ನೂ ಚಿತ್ರ ವಿವರಿಸುವುದಿಲ್ಲ, ವಿವರಿಸಬೇಕಾದ ಅಗತ್ಯವೂ ಇರಲಿಲ್ಲ.

ವಾಯ್ದಾ ಅವರದೇ, ಒಂದು ವರ್ಷ ಹಿಂದಿನ ‘ಕನಾಲ್’ನಲ್ಲಿ ಇದು ಇನ್ನೂ ಸ್ಪಷ್ಟ. 1944ರ ಆಗಸ್ಟ್ 1ರಂದು ವಾರ್ಸಾ ನಗರ ಜರ್ಮನ್ನರ ವಿರುದ್ಧ ದಂಗೆ ಎದ್ದಿತು. 63 ದಿನ ಹೋರಾಡಿ ಸೋತಿತು. ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಸೋವಿಯತ್ ಸೇನೆ ವಿಸ್ತುಲಾ ನದಿಯ ಆಚೆ ದಡಕ್ಕೆ ಬಂದು ನಿಂತಿತ್ತು, ಆದರೆ ನಗರವನ್ನು ಉಳಿಸಲು ನದಿ ದಾಟಲಿಲ್ಲ. ‘ಕನಾಲ್’ ಎಂದರೆ ಒಳಚರಂಡಿ. ದಂಗೆಯ ಕೊನೆಯ ದಿನಗಳಲ್ಲಿ ಆ ಚರಂಡಿಯೊಳಗೆ ತಪ್ಪಿಸಿಕೊಳ್ಳಲು ನೋಡುವ ಒಂದು ತುಕಡಿಯ ಕಥೆ ಅದು. ಚಿತ್ರಕಥೆ ಬರೆದ ಸ್ತವಿನ್ಸ್ಕಿ ಸ್ವತಃ ಆ ಚರಂಡಿಯಲ್ಲಿ ನಡೆದಿದ್ದವರು. ಗಾಯಗೊಂಡ ಹುಡುಗನನ್ನು ಎಳೆದುಕೊಂಡು ಬಂದ ಹುಡುಗಿ ಕೊನೆಗೆ ಬೆಳಕು ಕಂಡಲ್ಲಿಗೆ ತಲುಪುತ್ತಾಳೆ. ಅಲ್ಲಿ ಕಬ್ಬಿಣದ ಸರಳುಗಳು. ಸರಳುಗಳ ಆಚೆ ನದಿ, ನದಿಯ ಆಚೆ ಹಸಿರು ದಡ. ಆ ದಡದಲ್ಲಿ ಯಾರಿದ್ದರು ಎಂದು ಚಿತ್ರದಲ್ಲಿ ಯಾರೂ ಹೇಳುವುದಿಲ್ಲ. ಮಾತೇ ಇಲ್ಲದ ಮೇಲೆ ಸೆನ್ಸಾರಿನವನು ಕತ್ತರಿಸಬೇಕಾದದ್ದಾದರೂ ಏನನ್ನು? ನದಿಯನ್ನೇ?

ಈ ಚಿತ್ರವನ್ನು ನಾನು ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಒಂದು ಫಿಲ್ಮ್ ಸೊಸೈಟಿಯಲ್ಲಿ, ರಾಯಭಾರ ಕಚೇರಿಯಿಂದ ತಂದ ಡಬ್ಬಗಳಲ್ಲಿ ನೋಡಿದೆ. ಆಗ ನನಗೆ ಆ ನದಿ ಬರೀ ನದಿಯಾಗಿತ್ತು.

ವ್ರೊತ್ಸ್ವಾಫ್‌ನಿಂದ:
ಹಿರಿಯರ ಮಾತಿಗೆ ಒಂದೆರಡು ಪುಟ್ಟ ಸೇರ್ಪಡೆಗಳು. ನಾನು ಆರು ವರ್ಷಗಳಿಂದ ಕೆಲಸದ ನಿಮಿತ್ತ ಪೋಲೆಂಡಿನ ಈ ಊರಿನಲ್ಲಿದ್ದೇನೆ. ಇಲ್ಲಿನ ರೈಲು ನಿಲ್ದಾಣದ ಮೂರನೆಯ ಪ್ಲಾಟ್‌ಫಾರ್ಮಿನಲ್ಲಿ ಒಂದು ಸ್ಮಾರಕ ಫಲಕವಿದೆ. ಮಾಚೆಕ್ ಪಾತ್ರ ಮಾಡಿದ ನಟ ಜ್ಬಿಗ್ನ್ಯೆವ್ ತ್ಸಿಬುಲ್ಸ್ಕಿ 1967ರ ಜನವರಿ 8ರ ಬೆಳಗಿನ ಜಾವ ಚಲಿಸುತ್ತಿದ್ದ ರೈಲನ್ನು ಓಡಿ ಹತ್ತಲು ಹೋಗಿ ಬಿದ್ದು ಸತ್ತದ್ದು ಇಲ್ಲೇ. ದಿನವೂ ಸೂಟ್‌ಕೇಸುಗಳ ಚಕ್ರಗಳು ಉರುಳಿ ಸಾಗುವ ಜಾಗದಲ್ಲಿ ಆಗಾಗ ಒಂದು ಮೇಣದ ದೀಪವೋ ಒಂದು ಹೂವೋ ಕಾಣುತ್ತದೆ.

ಆ ಚಿತ್ರದಲ್ಲಿ ಅವನ ಉಡುಪನ್ನು ಗಮನಿಸಿದ್ದೀರಾ? 1945ರ ಉಡುಪನ್ನು ತೊಡಲು ಒಪ್ಪದೆ ಅವನು 1958ರಲ್ಲಿ ತಾನು ದಿನವೂ ತೊಡುತ್ತಿದ್ದ ಬಟ್ಟೆಯಲ್ಲೇ ನಟಿಸಿದ. ಇತಿಹಾಸದ ದೃಷ್ಟಿಯಿಂದ ಅದು ತಪ್ಪು. ಆದರೆ ಟಾಕೀಸಿನಲ್ಲಿ ಕುಳಿತ ಇಪ್ಪತ್ತರ ಹರೆಯದವರಿಗೆ ತೆರೆಯ ಮೇಲೆ ಕಂಡದ್ದು ಹದಿಮೂರು ವರ್ಷ ಹಿಂದಿನ ಕಥೆಯಲ್ಲ, ತಮ್ಮಲ್ಲೇ ಒಬ್ಬ. ಕಪ್ಪು ಕನ್ನಡಕ ಯಾಕೆ ಎಂದು ಹುಡುಗಿ ಕೇಳಿದಾಗ ಅವನು ಕೊಡುವ ಉತ್ತರದಲ್ಲಿ ತಾಯ್ನಾಡಿನ ಮೇಲಿನ ಪ್ರೀತಿಗೆ ಮರುಪ್ರೀತಿ ಸಿಗದ ನೋವಿದೆ, ಚರಂಡಿಯ ಕತ್ತಲಲ್ಲಿ ಕೆಟ್ಟ ಕಣ್ಣಿನ ಸಂಗತಿಯೂ ಇದೆ. ಹೀಗೆ ‘ಕನಾಲ್’ ಮತ್ತು ಈ ಚಿತ್ರ ಒಂದೇ ಮಾತಿನಲ್ಲಿ ಬೆಸೆದುಕೊಳ್ಳುತ್ತವೆ.

ಇನ್ನೊಂದು ಮಾತು. ಚಲನಚಿತ್ರ ಶಾಲೆ ಇರುವ ನಗರದ ಹೆಸರನ್ನು ನಮ್ಮವರು ‘ಲೋಡ್ಜ್’ ಎಂದು ಬರೆಯುತ್ತಾರೆ. ಇಲ್ಲಿನವರ ಬಾಯಲ್ಲಿ ಅದು ‘ವುಚ್’. ಅರ್ಥ ದೋಣಿ, ಆದರೆ ಊರಿನಲ್ಲಿ ದೋಣಿ ಬಿಡುವಂಥ ನದಿಯೊಂದೂ ಕಣ್ಣಿಗೆ ಬೀಳುವುದಿಲ್ಲ.

ತುಂಗೆಯ ಮಗಳು:
ಬಯಲುಸೀಮೆಯವರೇ, ನಿಮ್ಮ ಮೂಲ ಪ್ರಶ್ನೆ, ಚಿತ್ರ ಪಾರಾದದ್ದು ಹೇಗೆ ಎಂಬುದಕ್ಕೆ ಕಾವ್ಯದಷ್ಟೇ ಕಚೇರಿಯಲ್ಲೂ ಉತ್ತರವಿದೆ. ನಾನು ಕಾಲೇಜಿನಲ್ಲಿ ಚಲನಚಿತ್ರ ಪಾಠ ಮಾಡುವವಳಾದ್ದರಿಂದ ಈ ಒಣ ಸಂಗತಿಗಳ ಮೇಲೆ ನನಗೆ ಸ್ವಲ್ಪ ಮಮತೆ ಹೆಚ್ಚು.

1945ರ ನವೆಂಬರಿನಲ್ಲಿ ಪೋಲೆಂಡಿನ ಚಿತ್ರೋದ್ಯಮವನ್ನು ಸರ್ಕಾರ ವಹಿಸಿಕೊಂಡಿತು. ವಾರ್ಸಾ ಇಟ್ಟಿಗೆಯ ಗುಡ್ಡೆಯಾಗಿ ಬಿದ್ದಿದ್ದರಿಂದ ಸ್ಟುಡಿಯೋ, ಲ್ಯಾಬು ಎಲ್ಲವೂ ಹೆಚ್ಚು ಪೆಟ್ಟು ತಿನ್ನದೆ ಉಳಿದಿದ್ದ ವುಚ್ ನಗರಕ್ಕೆ ಹೋದವು. 1948ರಲ್ಲಿ ಅಲ್ಲಿಯೇ ಚಲನಚಿತ್ರ ಶಾಲೆ ಆರಂಭವಾಯಿತು. ಊರಿನ ಟಾಕೀಸುಗಳಿಗೆ ಬಾರದ ವಿದೇಶಿ ಚಿತ್ರಗಳನ್ನು ಅಲ್ಲಿನ ವಿದ್ಯಾರ್ಥಿಗಳು ಶಾಲೆಯೊಳಗೆ ನೋಡಬಹುದಾಗಿತ್ತು. ನೋಡಿ ಬಂದು ಮರದ ಮೆಟ್ಟಿಲುಗಳ ಮೇಲೆ ಕುಳಿತು ಜಗಳವಾಡುತ್ತಿದ್ದರು. ಆ ಮೆಟ್ಟಿಲುಗಳು ಈಗಲೂ ಪ್ರಸಿದ್ಧ.

1949ರಲ್ಲಿ ವಿಸ್ವಾ ಎಂಬ ಊರಿನ ಸಮ್ಮೇಳನದಲ್ಲಿ ಸಮಾಜವಾದಿ ವಾಸ್ತವವಾದವೇ, ಅಂದರೆ ಬದುಕನ್ನು ಪಕ್ಷದ ಆದರ್ಶಕ್ಕೆ ತಕ್ಕಂತೆ ಚಿತ್ರಿಸುವುದೇ, ಸಿನೆಮಾದ ಏಕೈಕ ದಾರಿ ಎಂದು ಘೋಷಿಸಿದರು. ಆಮೇಲಿನ ನಾಲ್ಕೈದು ವರ್ಷಗಳ ಚಿತ್ರಗಳನ್ನು ಇಂದು ಯಾರೂ ಪ್ರೀತಿಯಿಂದ ನೋಡುವುದಿಲ್ಲ. ಸೆನ್ಸಾರಿನ ಒತ್ತಡವೇ ಕಲೆಯನ್ನು ಹುಟ್ಟಿಸುವುದಾಗಿದ್ದರೆ ಒತ್ತಡ ಎಲ್ಲಕ್ಕಿಂತ ಹೆಚ್ಚಾಗಿದ್ದ ಆ ವರ್ಷಗಳಲ್ಲೇ ಮಹಾಕೃತಿಗಳು ಹುಟ್ಟಬೇಕಿತ್ತಲ್ಲ? ಹುಟ್ಟಲಿಲ್ಲ. ‘ಪೋಲಿಷ್ ಪಂಥ’ ಎಂದು ನಾವು ಹೊಗಳುವ ಚಿತ್ರಗಳು ಬಂದದ್ದು ಸ್ತಾಲಿನ್ ಸತ್ತು, 1956ರ ಅಕ್ಟೋಬರಿನಲ್ಲಿ ಗೊಮುವ್ಕ ಪಕ್ಷದ ನಾಯಕನಾಗಿ ಅಧಿಕಾರಕ್ಕೆ ಬಂದು, ಹಗ್ಗ ಒಂದಿಷ್ಟು ಸಡಿಲವಾದ ಮೇಲೆ.

ಅದಕ್ಕೆ ಮುಂಚೆಯೇ, 1955ರಲ್ಲಿ, ಒಂದು ಮುಖ್ಯ ಬದಲಾವಣೆ ಆಗಿತ್ತು. ಚಿತ್ರ ತಯಾರಿಕೆಯನ್ನು ‘ಝೆಸ್ಪೂವ್’ ಎಂಬ ತಂಡಗಳಿಗೆ ಹಂಚಿದರು. ಪ್ರತಿ ತಂಡಕ್ಕೂ ಮುಖ್ಯಸ್ಥನಾಗಿ ಒಬ್ಬ ನಿರ್ದೇಶಕ, ಜೊತೆಗೆ ಸಾಹಿತ್ಯದ ಹೊಣೆಗೆ ಒಬ್ಬ ಲೇಖಕ, ಲೆಕ್ಕಪತ್ರಕ್ಕೆ ಒಬ್ಬ ನಿರ್ವಾಹಕ. ಕವಲೆರೋವಿಚ್ ಮುಖ್ಯಸ್ಥರಾಗಿದ್ದ ‘ಕಾದರ್’ ತಂಡದಲ್ಲಿ ಸಾಹಿತ್ಯದ ಹೊಣೆ ಕಾದಂಬರಿಕಾರ ಕೊನ್ವಿತ್ಸ್ಕಿ ಅವರದು. ‘ಕನಾಲ್’, ‘ಬೂದಿ ಮತ್ತು ವಜ್ರ’ ಎರಡೂ ಅಲ್ಲಿಂದಲೇ ಬಂದವು. ಚಿತ್ರಕಥೆ ಮೊದಲು ಸಮಿತಿಯ ಮುಂದೆ ಹೋಗಬೇಕು, ಚಿತ್ರ ಮುಗಿದ ಮೇಲೆ ‘ಕೊಲೌದಾತ್ಸ್ಯ’ ಎಂಬ ಪರಿಶೀಲನಾ ಸಭೆಯಲ್ಲಿ ಮತ್ತೊಮ್ಮೆ ಪರೀಕ್ಷೆಗೆ ಕೂರಬೇಕು. ಆ ಸಭೆಗಳಲ್ಲಿ ಯುವ ನಿರ್ದೇಶಕ ಒಂಟಿಯಾಗಿರುತ್ತಿರಲಿಲ್ಲ. ಅವನ ಪರವಾಗಿ ವಾದಿಸಲು, ಚೌಕಾಸಿ ಮಾಡಲು, ಒಂದು ದೃಶ್ಯ ಬಿಟ್ಟುಕೊಟ್ಟು ಇನ್ನೊಂದನ್ನು ಉಳಿಸಿಕೊಳ್ಳಲು ತಂಡದ ಹಿರಿಯರಿರುತ್ತಿದ್ದರು. ಕಸದ ರಾಶಿಯ ಮೇಲಿನ ಸಾವನ್ನೇ ನೋಡಿ. ಅಧಿಕಾರಿ ಅದನ್ನು ‘ಪ್ರತಿಗಾಮಿಗೆ ಇತಿಹಾಸದ ತಿಪ್ಪೆಯೇ ಗತಿ’ ಎಂದು ಓದಿಕೊಳ್ಳಬಹುದು. ನೋಡಲು ಬಂದವರು ‘ನಮ್ಮ ಹುಡುಗನನ್ನು ತಿಪ್ಪೆಗೆಸೆದರು’ ಎಂದು ಓದಿಕೊಳ್ಳಬಹುದು. ಎರಡೂ ಓದಿಗೆ ಜಾಗ ಬಿಟ್ಟದ್ದರಲ್ಲಿ ವಾಯ್ದಾ ಅವರ ಜಾಣ್ಮೆಯೂ ಇದೆ, ತಂಡದ ಅನುಭವವೂ ಇದೆ.

ಅಡ್ಡಪ್ರಶ್ನೆ:
ಮೇಡಂ, ಹಾಗಾದರೆ ಸರ್ಕಾರದ ಹಣವೇ ಆ ಸಿನೆಮಾವನ್ನು ಉಳಿಸಿತು ಎಂದಂತಾಯಿತು. ಗಲ್ಲಾಪೆಟ್ಟಿಗೆಯ ಚಿಂತೆ ಇಲ್ಲದವರು ಕಲಾಕೃತಿ ಮಾಡಿದರು, ಅಷ್ಟೇ ತಾನೇ? ಕತ್ತರಿಯೂ ಅವರದೇ ಕೈಯಲ್ಲಿತ್ತು, ಅನ್ನವೂ ಅವರದೇ ಕೈಯಿಂದ ಬರುತ್ತಿತ್ತು. ಇದನ್ನು ಪ್ರತಿಭಟನೆಯ ಸಿನೆಮಾ ಎಂದು ಕೊಂಡಾಡುವುದು ಸ್ವಲ್ಪ ಅತಿಯಾಗಲಿಲ್ಲವೇ?

ತುಂಗೆಯ ಮಗಳು:
ನಿಮ್ಮ ಮಾತಿನ ಮೊದಲ ಅರ್ಧ ಸರಿಯಿದೆ. ಎರಡನೆಯ ಅರ್ಧಕ್ಕೆ ಉತ್ತರವಾಗಿ, ಪಾರಾಗದ ಚಿತ್ರಗಳ ಕಥೆಯನ್ನು ಹೇಳುತ್ತೇನೆ. ಪಾರಾದವನ್ನು ಮಾತ್ರ ಎಣಿಸಿದರೆ ಸೆನ್ಸಾರ್ ಸೌಮ್ಯವಾಗಿ ಕಾಣುವುದು ಸಹಜ.

ಪೋಲಿಷ್ ಭಾಷೆಯಲ್ಲಿ ಕರ್ನಲ್ ಹುದ್ದೆಗೆ ‘ಪುವ್ಕೋವ್ನಿಕ್’ ಎನ್ನುತ್ತಾರೆ. ‘ಪುವ್ಕ’ ಎಂದರೆ ಕಪಾಟಿನ ಹಲಗೆ. ಬಿಡುಗಡೆಯ ಭಾಗ್ಯವಿಲ್ಲದೆ ಹಲಗೆಯ ಮೇಲೆ ಧೂಳು ತಿನ್ನುವ ಚಿತ್ರಗಳನ್ನು ಜನ ನಗುತ್ತ ‘ಪುವ್ಕೋವ್ನಿಕ್‌ಗಳು’ ಎಂದು ಕರೆದರು. ಎರಡು ಪದಗಳ ಉಚ್ಚಾರಣೆ ಒಂದೇ, ಕಾಗುಣಿತದಲ್ಲಿ ಒಂದು ಅಕ್ಷರದ ವ್ಯತ್ಯಾಸ. ಸ್ಕೊಲಿಮೋವ್ಸ್ಕಿ ಅವರ 1967ರ ‘ಕೈ ಮೇಲೆತ್ತು’ ಚಿತ್ರದಲ್ಲಿ ಸ್ತಾಲಿನ್‌ನ ದೊಡ್ಡ ಚಿತ್ರಪಟಕ್ಕೆ ಎರಡು ಜೊತೆ ಕಣ್ಣು. ಚಿತ್ರ ಹಲಗೆ ಸೇರಿತು, ನಿರ್ದೇಶಕರು ದೇಶ ಬಿಟ್ಟರು. ಬುಗಾಯ್ಸ್ಕಿ ಅವರ ‘ವಿಚಾರಣೆ’ ಸ್ತಾಲಿನ್ ಕಾಲದ ಸೆರೆಮನೆಯಲ್ಲಿ ಒಬ್ಬ ಸಾಮಾನ್ಯ ಹಾಡುಗಾರ್ತಿಯನ್ನು ಮುರಿಯಲು ನಡೆಸುವ ಪ್ರಯತ್ನದ ಕಥೆ. ಅದು ತಯಾರಾಗುತ್ತಿದ್ದಾಗಲೇ, 1981ರ ಡಿಸೆಂಬರ್ 13ರಂದು, ಸೇನಾಡಳಿತ ಬಂತು. 1982ರಲ್ಲಿ ಪರಿಶೀಲನಾ ಸಭೆ ಅದನ್ನು ತಳ್ಳಿಹಾಕಿತು. ನಿರ್ದೇಶಕರು ಗುಟ್ಟಾಗಿ ಉಳಿಸಿಕೊಂಡ ಪ್ರತಿಯಿಂದ ಹುಟ್ಟಿದ ವಿಡಿಯೊ ಕ್ಯಾಸೆಟ್ಟುಗಳು ಕೈಯಿಂದ ಕೈಗೆ ಹೋಗಿ, ಚಿತ್ರಮಂದಿರದಲ್ಲಿ ಇನ್ನೂ ತೆರೆಕಾಣದ ಚಿತ್ರವನ್ನು ದೇಶದ ತುಂಬ ಜನ ಮನೆಗಳಲ್ಲೇ ನೋಡಿದರು. ಬಿಡುಗಡೆಯಾದದ್ದು 1989ರ ಡಿಸೆಂಬರಿನಲ್ಲಿ. ಮರುವರ್ಷ ಕಾನ್ ಉತ್ಸವದಲ್ಲಿ ಕ್ರಿಸ್ತಿನಾ ಯಾಂದಾ ಅದಕ್ಕಾಗಿ ಅತ್ಯುತ್ತಮ ನಟಿ ಪ್ರಶಸ್ತಿ ಪಡೆದರು, ಅಂದರೆ ನಟಿಸಿದ ಎಂಟು ವರ್ಷಗಳ ನಂತರ.

ಕ್ಯೆಶ್ಲೋವ್ಸ್ಕಿ ಅವರ ‘ಆಕಸ್ಮಿಕ’ದ್ದೂ ಇದೇ ಪಾಡು, 1981ರ ಚಿತ್ರ, 1987ರಲ್ಲಿ ಬಿಡುಗಡೆ. ಹುಡುಗನೊಬ್ಬ ವುಚ್ ನಿಲ್ದಾಣದಲ್ಲಿ ರೈಲು ಹಿಡಿಯಲು ಓಡುತ್ತಾನೆ. ರೈಲು ಸಿಕ್ಕರೆ ಪಕ್ಷದ ಸದಸ್ಯನಾಗುತ್ತಾನೆ. ಕಾವಲುಗಾರನಿಗೆ ಡಿಕ್ಕಿ ಹೊಡೆದರೆ ಭೂಗತ ವಿರೋಧಿಯಾಗುತ್ತಾನೆ. ರೈಲು ತಪ್ಪಿದರೆ ಎರಡೂ ಬೇಡವೆಂದು ವೈದ್ಯನಾಗಿ ಉಳಿಯುತ್ತಾನೆ. ಇತ್ತೀಚೆಗೆ ಆ ಚಿತ್ರವನ್ನು ಸಂರಕ್ಷಿಸಿ, ಕತ್ತರಿಸಿದ್ದ ತುಣುಕುಗಳನ್ನು ಮತ್ತೆ ಸೇರಿಸಿದರು. ಪೊಲೀಸರು ಹೊಡೆಯುವ ಒಂದು ದೃಶ್ಯದ ಬಿಂಬ ಮಾತ್ರ ಎಲ್ಲೂ ಸಿಗಲಿಲ್ಲ, ಶಬ್ದ ಸಿಕ್ಕಿತು. ಹಾಗಾಗಿ ಅಲ್ಲಿ ತೆರೆ ಕಪ್ಪಾಗುತ್ತದೆ, ಕಿವಿಗೆ ಮಾತ್ರ ದೃಶ್ಯ ಕೇಳುತ್ತದೆ. ಸೆನ್ಸಾರಿನಿಂದ ಕಲೆಗೆ ಏನಾಯಿತು ಎಂದು ವಿದ್ಯಾರ್ಥಿಗಳು ಕೇಳಿದಾಗ ನಾನು ಆ ಕಪ್ಪು ತೆರೆಯನ್ನು ತೋರಿಸುತ್ತೇನೆ.

ಎಲ್ಲಕ್ಕಿಂತ ಕೆಟ್ಟದ್ದು 1968. ಆ ಜನವರಿಯಲ್ಲಿ ವಾರ್ಸಾದ ರಾಷ್ಟ್ರೀಯ ರಂಗಮಂದಿರದಲ್ಲಿ ನಡೆಯುತ್ತಿದ್ದ ಮಿತ್ಸ್ಕಿಯೆವಿಚ್‌ನ ನಾಟಕವನ್ನು ನಿಲ್ಲಿಸಿದರು, ಮಾರ್ಚಿಯಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು, ಸರ್ಕಾರ ಅದರ ನೆಪದಲ್ಲಿ ಅಳಿದುಳಿದ ಯಹೂದಿಗಳ ಮೇಲೆ ತಿರುಗಿಬಿತ್ತು. ವುಚ್ ಶಾಲೆಯ ಮುಖ್ಯಸ್ಥ ತೆಪ್ಲಿತ್ಸ್ ಹುದ್ದೆ ಕಳೆದುಕೊಂಡು ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲಿನ ಚಲನಚಿತ್ರ ಶಾಲೆಯನ್ನು ಕಟ್ಟಿದರು. ‘ಕನಾಲ್’ನ ಆ ಸರಳುಗಳನ್ನೂ ಬೆಳಕನ್ನೂ ಚಿತ್ರಿಸಿದ ಛಾಯಾಗ್ರಾಹಕ ಯೆಝಿ ಲಿಪ್ಮನ್ ದೇಶ ಬಿಟ್ಟು ಹೋದರು. ಇವರೆಲ್ಲ ಅಲ್ಲಿಯೇ ಇದ್ದಿದ್ದರೆ ಇನ್ನೆಷ್ಟು ಚಿತ್ರಗಳು ಬರುತ್ತಿದ್ದವು ಎಂಬ ಲೆಕ್ಕವನ್ನು ಯಾವ ಚರಿತ್ರೆಯೂ ಬರೆದಿಡುವುದಿಲ್ಲ.

ಮೌನಿ:
ಯಹೂದಿಗಳ ಮಾತು ಬಂದದ್ದು ಒಳ್ಳೆಯದಾಯಿತು. ಇಲ್ಲಿಯವರೆಗಿನ ಚರ್ಚೆಯಲ್ಲಿ ‘ಪೋಲಿಷರ ನೆನಪು’ ಎಂಬುದು ಒಂದೇ ನೆನಪು ಎಂಬಂತೆ ಕಾಣುತ್ತಿತ್ತು. ಯುದ್ಧಕ್ಕೆ ಮುಂಚೆ ಪೋಲೆಂಡಿನಲ್ಲಿ ಹತ್ತಿರ ಹತ್ತಿರ 33 ಲಕ್ಷ ಯಹೂದಿಗಳಿದ್ದರು, ವಾರ್ಸಾದಲ್ಲಿ ಹತ್ತು ಜನರಲ್ಲಿ ಮೂವರು ಅವರೇ. ಅವರದೇ ಆದ ಯಿಡ್ಡಿಷ್ ಭಾಷೆಯ ಸಿನೆಮಾ ಅಲ್ಲಿತ್ತು. 1937ರ ‘ದಿಬ್ಬುಕ್’ ಅದರ ಶಿಖರ. ಸತ್ತ ಪ್ರಿಯಕರನ ಆತ್ಮ ಮದುಮಗಳ ಮೈಯೊಳಗೆ ಹೊಕ್ಕು, ಮದುವೆಯ ಮಂಟಪದಲ್ಲೇ ಅವನ ದನಿಯಲ್ಲಿ ಮಾತನಾಡುವ ಆ ಕಥೆಯನ್ನು ನಮ್ಮಲ್ಲಿ ಮೈಮೇಲೆ ಬರುವುದನ್ನು ಕಂಡವರು ಥಟ್ಟನೆ ಹಿಡಿಯಬಲ್ಲರು. ಚಿತ್ರ ತಯಾರಾದ ಆರೇಳು ವರ್ಷಗಳಲ್ಲಿ ಅದರಲ್ಲಿ ಕಾಣುವ ಇಡೀ ಲೋಕ ಇಲ್ಲವಾಯಿತು.

ಯುದ್ಧದ ನಂತರ ವಾಂದಾ ಯಾಕುಬೋವ್ಸ್ಕ, ತಾವೇ ಕೈದಿಯಾಗಿದ್ದ ಆಶ್ವಿತ್ಸ್ ಶಿಬಿರಕ್ಕೆ ಮರಳಿ ಹೋಗಿ, ಅಲ್ಲಿಯೇ 1947ರಲ್ಲಿ ‘ಕೊನೆಯ ಘಟ್ಟ’ವನ್ನು ಚಿತ್ರಿಸಿದರು. ತಾನು ಸತ್ತಿರಬೇಕಾದ ಜಾಗದಲ್ಲಿ ನಿಂತು ‘ಕ್ಯಾಮೆರಾ’ ಎನ್ನುವುದಕ್ಕೆ ಎಂಥ ಮನಸ್ಸು ಬೇಕೋ ನನಗೆ ಊಹಿಸಲಾಗದು. ಆ ಶಿಬಿರಕ್ಕೇ ಆಂದ್ರೇ ಮುಂಕ್ ‘ಪ್ರಯಾಣಿಕಳು’ ಚಿತ್ರಕ್ಕಾಗಿ ಹೋದರು. ಹಡಗಿನಲ್ಲಿ ಪ್ರಯಾಣಿಸುವ ಜರ್ಮನ್ ಹೆಂಗಸೊಬ್ಬಳಿಗೆ, ತಾನು ಒಮ್ಮೆ ಕಾವಲು ಕಾದಿದ್ದ ಕೈದಿಯಂತೆ ಕಾಣುವ ಹೆಣ್ಣೊಬ್ಬಳು ಎದುರಾಗುತ್ತಾಳೆ. ಶಿಬಿರದ ಭಾಗದ ಚಿತ್ರೀಕರಣ ಬಹುಪಾಲು ಮುಗಿದಿತ್ತು. 1961ರ ಸೆಪ್ಟೆಂಬರ್ 20ರಂದು ಮುಂಕ್ ಕಾರು ಅಪಘಾತದಲ್ಲಿ ತೀರಿಕೊಂಡರು, ಇನ್ನೂ 40 ತುಂಬಿರಲಿಲ್ಲ. ಗೆಳೆಯರು ಅವರ ಜಾಗದಲ್ಲಿ ತಾವು ನಿಂತು ಚಿತ್ರೀಕರಣ ಮುಗಿಸಲಿಲ್ಲ. ಹಡಗಿನ ಭಾಗವನ್ನು ಸ್ಥಿರಚಿತ್ರಗಳಲ್ಲೇ ಜೋಡಿಸಿ, ಇದು ಅಪೂರ್ಣ ಎಂದು ಹಿನ್ನೆಲೆಯ ದನಿಯಲ್ಲಿ ಹೇಳಿ, 1963ರಲ್ಲಿ ಜನರ ಮುಂದಿಟ್ಟರು. ಚಲಿಸುವ ಭೂತಕಾಲ, ಚಲಿಸದ ವರ್ತಮಾನ. ಪೋಲಿಷ್ ಸಿನೆಮಾದಲ್ಲಿ ನನ್ನನ್ನು ಇದಕ್ಕಿಂತ ಹೆಚ್ಚು ಕಾಡಿದ ಚಿತ್ರ ಬೇರೊಂದಿಲ್ಲ. ವಾಯ್ದಾ ಅಭಿಮಾನಿಗಳು ಕ್ಷಮಿಸಬೇಕು.

ಒಂದು ವಿಷಯದ ಬಗ್ಗೆ ಮಾತ್ರ ಬಹಳ ಕಾಲ ಯಾರೂ ಚಿತ್ರ ಮಾಡಲಿಲ್ಲ. 1941ರ ಜುಲೈ 10ರಂದು ಯೆದ್ವಾಬ್ನೆ ಎಂಬ ಊರಿನಲ್ಲಿ ಯಹೂದಿಗಳನ್ನು ಅವರ ನೆರೆಹೊರೆಯ ಪೋಲಿಷರೇ ಕೊಂದ ಸಂಗತಿ 2000ದ ಹೊತ್ತಿಗೆ ದೊಡ್ಡ ವಾದವಾಗಿ ಎದ್ದ ಮೇಲೆಯೇ ಅಂಥ ಚಿತ್ರಗಳು ಬಂದವು. 2013ರ ‘ಇದಾ’ದಲ್ಲಿ ಸನ್ಯಾಸಿನಿಯಾಗಲು ಹೊರಟ ಅನಾಥ ಹುಡುಗಿಗೆ ತಾನು ಯಹೂದಿ ಎಂದು ತಿಳಿಯುತ್ತದೆ, ತಂದೆತಾಯಿಯನ್ನು ಕೊಂದವರು ಯಾರೆಂದೂ ತಿಳಿಯುತ್ತದೆ. ಅದರ ಚೌಕಟ್ಟುಗಳನ್ನು ಗಮನಿಸಿ: ಮುಖಗಳು ಕೆಳಗಿನ ಅಂಚಿನಲ್ಲಿರುತ್ತವೆ, ಮೇಲೆಲ್ಲ ಬರಿದು. ಅತ್ಯುತ್ತಮ ವಿದೇಶಿ ಭಾಷಾ ಚಿತ್ರದ ಆಸ್ಕರ್ ಪಡೆದ ಮೊದಲ ಪೋಲಿಷ್ ಚಿತ್ರ ಅದು. 2016ರಲ್ಲಿ ಅದನ್ನು ಸರ್ಕಾರಿ ಟಿವಿ ಪ್ರಸಾರ ಮಾಡಿದಾಗ, ನೋಡುವವರಿಗೆ ಎಚ್ಚರಿಕೆ ಹೇಳುವಂಥ ಪೀಠಿಕೆಯೊಂದನ್ನು ಮುಂದೆ ಸೇರಿಸಿದರು.

ವ್ರೊತ್ಸ್ವಾಫ್‌ನಿಂದ:
ಇಷ್ಟು ಗಂಭೀರ ಚರ್ಚೆಯ ನಡುವೆ ಒಂದು ನಗೆಚಿತ್ರದ ಹೆಸರು ಹೇಳಿದರೆ ಯಾರೂ ಬೇಸರಿಸಬಾರದು. ನನ್ನ ಕಚೇರಿಯ ಪೋಲಿಷ್ ಸಹೋದ್ಯೋಗಿಗಳಿಗೆ ವಾಯ್ದಾ ಶಾಲೆಯ ಪಾಠ. ಬಾಯಿಗೆ ಬರುವುದು ಬರೇಯಾ ಅವರ 1981ರ ‘ಪುಟ್ಟ ಕರಡಿ’ಯ ಸಂಭಾಷಣೆ. ಅದರಲ್ಲಿ ಒಂದು ಅಗ್ಗದ ಊಟದ ಮನೆಯಿದೆ. ಕದಿಯಬಾರದೆಂದು ಬಟ್ಟಲುಗಳನ್ನು ಸ್ಕ್ರೂ ಹಾಕಿ ಮೇಜಿಗೇ ಬಿಗಿದಿದ್ದಾರೆ, ಚಮಚಗಳಿಗೆ ಸರಪಳಿ ಕಟ್ಟಿದ್ದಾರೆ; ಊಟಕ್ಕೆ ಕುಳಿತವರು ಸರಪಳಿ ಎಳೆದಾಡುತ್ತ ತಿನ್ನುತ್ತಾರೆ. ಹೊರಗಿನವರಾದ ನಮಗೆ ಇದು ಉತ್ಪ್ರೇಕ್ಷೆ. ಇಲ್ಲಿನ ಐವತ್ತು ದಾಟಿದವರು ‘ಅರ್ಧದಷ್ಟು ಮಾತ್ರ ಉತ್ಪ್ರೇಕ್ಷೆ’ ಎನ್ನುತ್ತಾರೆ.

ಆ ಕಾಲದ ವಿಮರ್ಶಕರು ಬರೇಯಾ ಅವರನ್ನು ಕೀಳಾಗಿ ಕಂಡರು. ಕಳಪೆ ರುಚಿಗೆ ಅವರ ಹೆಸರಿನಿಂದಲೇ ಒಂದು ಪದ ಹುಟ್ಟಿಸಿದರು, ಅದನ್ನು ಹುಟ್ಟಿಸಿದವರೂ ಒಬ್ಬ ನಿರ್ದೇಶಕರೇ. ಬರೇಯಾ 1987ರಲ್ಲಿ ತೀರಿಕೊಂಡರು, ತಾವು ಅಣಕಿಸಿದ ವ್ಯವಸ್ಥೆ ಬಿದ್ದದ್ದನ್ನು ನೋಡಲಿಲ್ಲ. ಬಯಲುಸೀಮೆಯವರೇ, ‘ಕಣ್ಣಿನಿಂದ ಮಾತನಾಡುವುದು’ ಎಂದಿರಲ್ಲ, ಸರಪಳಿಯ ಚಮಚವೂ ಅದೇ ಅಲ್ಲವೇ? ಒಂದೇ ಕೊರತೆ, ಅದಕ್ಕೆ ಕಾನ್‌ನಲ್ಲಿ ಪ್ರಶಸ್ತಿ ಸಿಗಲಿಲ್ಲ.

ಹಳೆಯ ರೀಲು:
ಚಮಚಕ್ಕೆ ನನ್ನ ಸಂಪೂರ್ಣ ಬೆಂಬಲವಿದೆ. ಅದಕ್ಕೆ ಜೊತೆಯಾಗಿ ನಾನೊಂದು ಇಟ್ಟಿಗೆಯ ಕಥೆ ಹೇಳುತ್ತೇನೆ.

ವಾಯ್ದಾ ಅವರ ‘ಅಮೃತಶಿಲೆಯ ಮನುಷ್ಯ’ದ ಚಿತ್ರಕಥೆ 1963ರಲ್ಲೇ ಸಿದ್ಧವಿತ್ತು, ಅನುಮತಿ ಸಿಗಲು ಹನ್ನೆರಡು ವರ್ಷ ಬೇಕಾಯಿತು. ಕ್ರಾಕುಫ್ ಪಕ್ಕದಲ್ಲಿ ನೋವ ಹೂತ ಎಂಬ ಉಕ್ಕಿನ ಊರನ್ನು ಕಟ್ಟುತ್ತಿದ್ದಾಗ ಒಂದೇ ಪಾಳಿಯಲ್ಲಿ ದಾಖಲೆಯ ಸಂಖ್ಯೆಯ ಇಟ್ಟಿಗೆ ಜೋಡಿಸಿ ಕಾರ್ಮಿಕವೀರ ಎನಿಸಿಕೊಂಡ ಗಾರೆಯವ ಬಿರ್ಕುತ್. ಒಮ್ಮೆ ಯಾರೋ ಅವನ ಕೈಗೆ ಕಾದ ಇಟ್ಟಿಗೆ ದಾಟಿಸುತ್ತಾರೆ, ಅಂಗೈ ಸುಡುತ್ತದೆ, ವೀರನ ಕಥೆ ಅಲ್ಲಿಂದ ಇಳಿಯುತ್ತದೆ. ಎರಡು ದಶಕಗಳ ನಂತರ ಅವನ ಗತಿ ಏನಾಯಿತೆಂದು ಹುಡುಕುವ ಚಿತ್ರವಿದ್ಯಾರ್ಥಿನಿಯಾಗಿ ಯಾಂದಾ ಮೊದಲ ಬಾರಿಗೆ ತೆರೆಗೆ ಬಂದರು. ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಬಿಸಾಡಿದ ಅಮೃತಶಿಲೆಯ ಪ್ರತಿಮೆಯ ಮುಂದೆ, ಕ್ಯಾಮೆರಾವನ್ನು ತಾನೇ ಕೈಯಲ್ಲಿ ಹಿಡಿದು ಅವಳು ಚಿತ್ರೀಕರಿಸುವುದನ್ನು ನೋಡಬೇಕು. ಇಡೀ ಒಂದು ತಲೆಮಾರು ತಂದೆಯರನ್ನು ಪ್ರಶ್ನಿಸುವ ಭಂಗಿ ಅದು. ಬಿರ್ಕುತ್ ಸತ್ತದ್ದು 1970ರ ಡಿಸೆಂಬರಿನಲ್ಲಿ ಗ್ದಾನ್ಸ್ಕ್‌ನಲ್ಲಿ ಕಾರ್ಮಿಕರ ಮೇಲೆ ಗುಂಡು ಹಾರಿಸಿದಾಗ ಎಂದು ತಿಳಿಸುವ ಕೊನೆಯ ಭಾಗವನ್ನು ಕತ್ತರಿಸಿದರು. 1977ರ ಗ್ದಾನ್ಸ್ಕ್ ಉತ್ಸವದಲ್ಲಿ ತೀರ್ಪುಗಾರರು ಈ ಚಿತ್ರಕ್ಕೆ ಪ್ರಶಸ್ತಿ ಕೊಡುವಂತಿರಲಿಲ್ಲ. ಆಗ ಪತ್ರಕರ್ತರು ಸೇರಿ, ಮೆಟ್ಟಿಲ ಮೇಲೆ ವಾಯ್ದಾ ಅವರನ್ನು ನಿಲ್ಲಿಸಿ, ರಿಬ್ಬನ್ ಕಟ್ಟಿದ ಒಂದು ಇಟ್ಟಿಗೆಯನ್ನು ಬಹುಮಾನವಾಗಿ ಕೊಟ್ಟರು.

1980ರ ಆಗಸ್ಟ್‌ನಲ್ಲಿ ಗ್ದಾನ್ಸ್ಕ್ ಹಡಗುಕಟ್ಟೆಯ ಮುಷ್ಕರ ನಡೆಯುತ್ತಿದ್ದಾಗ ಬಾಗಿಲಲ್ಲಿ ಕಾರ್ಮಿಕನೊಬ್ಬ ‘ನಮ್ಮ ಬಗ್ಗೆಯೂ ಒಂದು ಚಿತ್ರ ಮಾಡಿ’ ಎಂದದ್ದರಿಂದ ‘ಉಕ್ಕಿನ ಮನುಷ್ಯ’ ಹುಟ್ಟಿತೆಂದು ವಾಯ್ದಾ ಹೇಳಿಕೊಂಡಿದ್ದಾರೆ. 1981ರ ಮೇ ತಿಂಗಳಲ್ಲಿ ಕಾನ್‌ನ ಅತ್ಯುನ್ನತ ಪ್ರಶಸ್ತಿ ಬಂತು, ಡಿಸೆಂಬರಿನಲ್ಲಿ ಟ್ಯಾಂಕುಗಳು ಬಂದವು. ಚಿತ್ರವಾಗಿ ನೋಡಿದರೆ ‘ಅಮೃತಶಿಲೆ’ಯೇ ಮೇಲು, ‘ಉಕ್ಕು’ ಅವಸರದಲ್ಲಿ ಎರಕ ಹೊಯ್ದದ್ದು, ಅದು ಕಾಣುತ್ತದೆ.

ಅದೇ ವರ್ಷಗಳ ಕ್ಯೆಶ್ಲೋವ್ಸ್ಕಿ ಅವರ ‘ಹವ್ಯಾಸಿ’ಯನ್ನು ತಮ್ಮ ಗುಂಪು ಮುಂದೆ ಇಟ್ಟುಕೊಳ್ಳಬೇಕು. ಹುಟ್ಟಿದ ಮಗುವನ್ನು ಚಿತ್ರೀಕರಿಸಲು ಕಾರ್ಖಾನೆಯ ನೌಕರನೊಬ್ಬ ಪುಟ್ಟ ಕ್ಯಾಮೆರಾ ಕೊಳ್ಳುತ್ತಾನೆ. ಸಾಹೇಬರು ಕಾರ್ಖಾನೆಯ ಉತ್ಸವವನ್ನು ಚಿತ್ರೀಕರಿಸು ಎನ್ನುತ್ತಾರೆ. ಅಲ್ಲಿಂದ ಅವನಿಗೆ ಹುಚ್ಚು ಹತ್ತುತ್ತದೆ. ಅವನ ಚಿತ್ರದಿಂದಾಗಿ ಒಬ್ಬ ಒಳ್ಳೆಯ ಅಧಿಕಾರಿ ಕೆಲಸ ಕಳೆದುಕೊಳ್ಳುತ್ತಾನೆ. ಹೆಂಡತಿ ಬಿಟ್ಟು ಹೊರಟಾಗ ಅವನು ತಡೆಯುವ ಮೊದಲು ಎರಡು ಕೈಗಳ ಬೆರಳುಗಳನ್ನು ಜೋಡಿಸಿ ಅವಳು ನಡೆದುಹೋಗುವುದಕ್ಕೆ ಚೌಕಟ್ಟು ಕಟ್ಟಿ ನೋಡುತ್ತಾನೆ! ಇಲ್ಲಿ ಸೆನ್ಸಾರ್ ಹೊರಗಿಲ್ಲ. ಸತ್ಯ ತೋರಿಸಿದರೆ ಯಾರಿಗೆ ಏಟು ಬೀಳುತ್ತದೆ ಎಂಬ ಪ್ರಶ್ನೆ ಕ್ಯಾಮೆರಾ ಹಿಡಿದವನ ಮೇಲೆಯೇ ಬರುತ್ತದೆ. ಅಲ್ಲಿನವರು ಆ ಅವಧಿಯ ಚಿತ್ರಗಳನ್ನು ‘ನೈತಿಕ ತಳಮಳದ ಸಿನೆಮಾ’ ಎನ್ನುತ್ತಾರೆ. ಆ ಹೆಸರು ಈ ಚಿತ್ರಕ್ಕೆ ಒಪ್ಪುವಷ್ಟು ಬೇರೆ ಯಾವುದಕ್ಕೂ ಒಪ್ಪುವುದಿಲ್ಲ.

ಅಡ್ಡಪ್ರಶ್ನೆ:
1989ರ ನಂತರ ಕತ್ತರಿ ಹೋಯಿತು, ಹಣವೂ ಹೋಯಿತು. ಆಮೇಲೆ?

ತುಂಗೆಯ ಮಗಳು:
ಕೆಲವು ವರ್ಷ ಅಮೆರಿಕದ ಮಾದರಿಯ ಗುಂಡೇಟಿನ ಚಿತ್ರಗಳು. 1999ರಲ್ಲಿ ಮಿತ್ಸ್ಕಿಯೆವಿಚ್‌ನ ‘ಪಾನ್ ತದೇವುಷ್’ ಕಾವ್ಯವನ್ನು ವಾಯ್ದಾ ತೆರೆಗೆ ತಂದಾಗ ಹಾಲಿವುಡ್ ಚಿತ್ರಗಳನ್ನು ಬದಿಗಿಟ್ಟು ಜನ ಲಕ್ಷಗಟ್ಟಲೆ ಬಂದರು. ಹಳೆಯ ರೀಲು ಅವರ ‘ಅಜ್ಜಂದಿರ ವಿದ್ಯೆ’ ಅಷ್ಟು ಬೇಗ ಮರೆತುಹೋಗಿರಲಿಲ್ಲ. 2005ರ ಕಾನೂನಿನಿಂದ ಪೋಲಿಷ್ ಚಲನಚಿತ್ರ ಸಂಸ್ಥೆ ಬಂತು: ಟಿವಿ ವಾಹಿನಿಗಳು, ಕೇಬಲ್ಲಿನವರು, ಚಿತ್ರಮಂದಿರಗಳು, ವಿತರಕರು ತಮ್ಮ ಆದಾಯದ 1.5 ಶೇಕಡಾವನ್ನು ಅದಕ್ಕೆ ಕೊಡಬೇಕು, ಆ ಹಣದಿಂದ ಹೊಸ ಚಿತ್ರಗಳಿಗೆ ನೆರವು. ‘ಇದಾ’ ಬಂದದ್ದು ಆ ನೆರವಿನಿಂದಲೇ.

ವಾಯ್ದಾ ಅವರಿಗೆ ಕತ್ತರಿ ಹೋದದ್ದರ ಅರ್ಥ ಇನ್ನೊಂದಿತ್ತು. ಅವರ ತಂದೆ ಸೇನಾಧಿಕಾರಿ; 1940ರಲ್ಲಿ ಸೋವಿಯತ್ ಗುಪ್ತಪೊಲೀಸರು ಕತಿನ್ ಕಾಡಿನಲ್ಲೂ ಇತರ ಕಡೆಗಳಲ್ಲೂ ಕೊಂದ ಸುಮಾರು 22,000 ಪೋಲಿಷರಲ್ಲಿ ಒಬ್ಬರು. ಅದನ್ನು ಮಾಡಿದ್ದು ಜರ್ಮನ್ನರು ಎಂಬ ಸುಳ್ಳನ್ನು 1990ರವರೆಗೆ ಮಾಸ್ಕೋ ಬಿಟ್ಟುಕೊಡಲಿಲ್ಲ. ‘ಕತಿನ್’ ಚಿತ್ರವನ್ನು ಅವರು ಮಾಡಿದ್ದು 2007ರಲ್ಲಿ, 81ನೆಯ ವಯಸ್ಸಿನಲ್ಲಿ. ‘ಕನಾಲ್’ನಲ್ಲಿ ನದಿಯಾಚೆಯ ದಡವನ್ನು ಮೌನವಾಗಿ ತೋರಿಸಿ ಬಿಟ್ಟ ಮೂವತ್ತರ ನಿರ್ದೇಶಕ ಆ ತಂದೆಯ ಮಗ. ಬಯಲುಸೀಮೆಯವರೇ, ಸೆನ್ಸಾರ್ ಅವರ ಕಲೆಯನ್ನು ಬೆಳೆಸಿತು ಎನ್ನುವ ಮೊದಲು ಐವತ್ತು ವರ್ಷ ಬಾಯಿಗೆ ಬಂದದ್ದನ್ನು ನುಂಗಿದ ಮಗನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಬಯಲುಸೀಮೆ:
ನನ್ನ ವಾದವನ್ನು ಹಿಂದಕ್ಕೆ ಪಡೆಯುತ್ತೇನೆ. ನಿನ್ನೆ ರಾತ್ರಿ ‘ಕನಾಲ್’ನ ಕೊನೆಯ ಭಾಗವನ್ನು ಒಬ್ಬನೇ ಕುಳಿತು ನೋಡಿದೆ. ಹುಡುಗ ಜ್ವರದಲ್ಲಿ ಕಣ್ಣು ಮುಚ್ಚಿರುತ್ತಾನೆ. ಸರಳುಗಳಿರುವುದನ್ನು ಹುಡುಗಿ ಅವನಿಗೆ ಹೇಳುವುದೇ ಇಲ್ಲ, ಹುಲ್ಲು ಕಾಣುತ್ತಿದೆ ಎಂಬಂತೆ ಸಮಾಧಾನ ಮಾಡುತ್ತಾಳೆ. ಮೊದಲ ಸಲ ನೋಡಿದ್ದರೆ ಅದನ್ನು ಪ್ರೇಮದ ಮಾತು ಎಂದಷ್ಟೇ ತಿಳಿಯುತ್ತಿದ್ದೆ.

ಮುಂದಿನ ತಿಂಗಳಿಗೆ ‘ಹವ್ಯಾಸಿ’ ಎಂದು ತೀರ್ಮಾನಿಸಿದ್ದೇವೆ, ಅದರ ಮುಂದಿನ ತಿಂಗಳಿಗೆ ‘ಪ್ರಯಾಣಿಕಳು’. ‘ಪುಟ್ಟ ಕರಡಿ’ಗೆ ಒಳ್ಳೆಯ ಉಪಶೀರ್ಷಿಕೆ ಎಲ್ಲಿಯಾದರೂ ಸಿಗುತ್ತದೆಯೇ?

ವ್ರೊತ್ಸ್ವಾಫ್‌ನಿಂದ:
ಸಿಗುತ್ತದೆ, ಆದರೆ ಅದನ್ನು ಓದಿಕೊಂಡು ನಗುವುದು ಕಷ್ಟ. ನೀವು ನೋಡುವ ದಿನ ನನ್ನನ್ನು ವಿಡಿಯೊ ಕರೆಯಲ್ಲಿ ಸೇರಿಸಿಕೊಳ್ಳಿ. ಪಕ್ಕದ ಮನೆಯ ಅಜ್ಜನನ್ನೂ ಕೂರಿಸಿಕೊಳ್ಳುತ್ತೇನೆ. ಅವರು ನಕ್ಕಲ್ಲೆಲ್ಲ ಚಿತ್ರ ನಿಲ್ಲಿಸಿ ಯಾಕೆಂದು ಕೇಳೋಣ.